ಡಿಸೆಂಬರ್ ಕೊನೆಗೆ ಅಂಡಮಾನ್: ವಯಸ್ಸಾದವರನ್ನು ಕರೆದೊಯ್ದವರ ಅನುಭವ ಬೇಕಾಗಿದೆ

ಬೆಣ್ಣೆದೋಸೆ, ದಾವಣಗೆರೆ:

ಡಿಸೆಂಬರ್ 26ರಿಂದ ಜನವರಿ 1ರವರೆಗೆ ರಜೆ ಸಿಕ್ಕಿದೆ. ನಾವು ಐದು ಜನ: ನಾನು, ನನ್ನಾಕೆ, 13ರ ಮಗಳು, 8ರ ಮಗ ಮತ್ತು ಮಂಡಿನೋವಿನಿಂದ ಕೋಲು ಹಿಡಿದು ನಡೆಯುವ 69ರ ತಾಯಿ. ಯಾರಿಗೂ ಈಜು ಬಾರದು. ಕೈಯಲ್ಲಿರುವುದು 1,80,000 ರೂಪಾಯಿ. ಭಾವಮೈದುನ ಅಂಡಮಾನಿಗೆ ಹೋಗಿ ಎನ್ನುತ್ತಾನೆ, ಮನೆಯವರಿಗೆ ಲಕ್ಷದ್ವೀಪದ ಆಸೆಯಿದೆ, ತಾಯಿಯವರು ಮಾತ್ರ ಗೋಕರ್ಣಕ್ಕೇ ಹೋದರೆ ಮಹಾಬಲೇಶ್ವರನ ದರ್ಶನವೂ ಆದೀತು ಎನ್ನುತ್ತಿದ್ದಾರೆ. ವಯಸ್ಸಾದವರೊಂದಿಗೆ ಅಂಡಮಾನಿಗೆ ಹೋಗಿಬಂದವರು ದಯವಿಟ್ಟು ಅನುಭವ ತಿಳಿಸಬೇಕು. ಅಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳನ್ನು ತಾಯಿಯವರು ಹತ್ತಿ ಇಳಿಯಬಲ್ಲರೇ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಜಮಾ-ಖರ್ಚು, ಮೈಸೂರು:

ಹೋಗುವ ಮೊದಲು ನನ್ನ ಕಥೆಯನ್ನು ಕೇಳಿ ಹೋಗಿ. ನಾನು ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿದ್ದವನು. ಎಲ್‌ಟಿಸಿಯಲ್ಲಿ, ಅಂದರೆ ನೌಕರರ ರಜೆ ಪ್ರವಾಸದ ಖರ್ಚನ್ನು ಸರ್ಕಾರ ಭರಿಸುವ ಸೌಲಭ್ಯದಲ್ಲಿ, ಅಂಡಮಾನಿಗೆ ವಿಮಾನದಲ್ಲಿ ಹೋಗಲು ವಿಶೇಷ ರಿಯಾಯಿತಿ ಇದ್ದುದರಿಂದ, ಸ್ವಂತ ಊರಿನ ಎಲ್‌ಟಿಸಿಯನ್ನು ಬಿಟ್ಟುಕೊಟ್ಟು 2022ರ ಡಿಸೆಂಬರ್ ಮೊದಲ ವಾರದಲ್ಲಿ ನಾವು ಮೂವರು ಹೊರಟೆವು. ಮೊದಲ ನಾಲ್ಕು ದಿನಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಐದನೆಯ ದಿನ ನೀಲ್ ದ್ವೀಪದಲ್ಲಿದ್ದಾಗ ವಾಯುಭಾರ ಕುಸಿತದ ಸುದ್ದಿ ಬಂದಿತು. ಮರುದಿನ ಬೆಳಗ್ಗೆ ಜೆಟ್ಟಿಗೆ ಹೋದರೆ ಖಾಸಗಿ ಹಡಗೂ ಇಲ್ಲ, ಸರ್ಕಾರಿ ಹಡಗೂ ಇಲ್ಲ. ಕಡಲು ಶಾಂತವಾಗುವವರೆಗೆ ಯಾವ ಹಡಗೂ ಹೊರಡದು ಎಂದು ಒಬ್ಬ ಪೊಲೀಸರು ಕೈಬೀಸಿ ಹೇಳಿದರು. ಅದೇ ಮಧ್ಯಾಹ್ನ ಪೋರ್ಟ್ ಬ್ಲೇರಿನಿಂದ ಚೆನ್ನೈಗೆ ನಮ್ಮ ವಿಮಾನವಿತ್ತು.

ಲೆಕ್ಕ ಬರೆಯುತ್ತೇನೆ. ನೀಲ್‌ನಲ್ಲಿ ಹೆಚ್ಚುವರಿಯಾಗಿ ಎರಡು ರಾತ್ರಿ, ರಾತ್ರಿಗೆ 3,800ರಂತೆ 7,600 ರೂಪಾಯಿ. ತಪ್ಪಿದ ವಿಮಾನಕ್ಕೆ ಬದಲಾಗಿ ಕೊಂಡ ಹೊಸ ಟಿಕೆಟುಗಳು ತಲಾ 14,600ರಂತೆ ಮೂವರಿಗೆ 43,800 ರೂಪಾಯಿ. ಒಟ್ಟು 51,400. ರದ್ದಾದ ಹಡಗಿನ 4,350 ರೂಪಾಯಿ 47 ದಿನಗಳ ನಂತರ ಖಾತೆಗೆ ಮರಳಿತು. ಗಾಯದ ಮೇಲೆ ಬರೆ ಎಳೆದದ್ದು ನಮ್ಮ ಕಚೇರಿ. ಎಲ್‌ಟಿಸಿ ಟಿಕೆಟನ್ನು ಅನುಮತಿ ಪಡೆದ ಏಜೆಂಟರ ಮೂಲಕವೇ ಕೊಳ್ಳಬೇಕೆಂಬುದು ನಿಯಮ. ಆ ರಾತ್ರಿ ಮಿಣುಕುವ ಸಿಗ್ನಲಿನಲ್ಲಿ ಮಗ ಯಾವ ಜಾಲತಾಣ ತೆರೆಯಿತೋ ಅದರಲ್ಲೇ ಕೊಂಡಿದ್ದನು. ಆ 43,800ರಲ್ಲಿ ಒಂದು ರೂಪಾಯಿಯನ್ನೂ ಕಚೇರಿ ಒಪ್ಪಲಿಲ್ಲ. ನಾನು ಮೂರು ಮನವಿ ಬರೆದೆ, ಮೂರಕ್ಕೂ ಒಂದೇ ವಾಕ್ಯದ ಉತ್ತರ ಬಂದಿತು. ಆ ಕಡತದ ಪ್ರತಿ ಇಂದಿಗೂ ನನ್ನ ಬಳಿ ಇದೆ.

ನಕ್ಷೆಗಾರ್ತಿ, ಬೆಂಗಳೂರು:

ಮೇಲಿನ ಹಿರಿಯರ ನೋವು ನನಗೆ ಅರ್ಥವಾಗುತ್ತದೆ, ಆದರೆ ಅದು ಕಡಲಿನ ತಪ್ಪಲ್ಲ, ಯೋಜನೆಯ ತಪ್ಪು. ವಿಮಾನ ಹತ್ತುವ ಹಿಂದಿನ ರಾತ್ರಿಯಾದರೂ ಪೋರ್ಟ್ ಬ್ಲೇರಿನಲ್ಲಿಯೇ ಇರಬೇಕೆಂಬುದು ಅಂಡಮಾನಿಗೆ ಹೋಗುವವರು ಕಲಿಯುವ ಮೊದಲ ಪಾಠ.

ನಾವು 2024ರ ಫೆಬ್ರವರಿಯಲ್ಲಿ ನಾಲ್ವರು ಯಾವ ಏಜೆಂಟರ ಹಂಗೂ ಇಲ್ಲದೆ ಹೋಗಿಬಂದೆವು. ನಾಲ್ಕು ತಿಂಗಳು ಮೊದಲೇ ಕೊಂಡ ವಿಮಾನದ ಟಿಕೆಟು ಹೋಗಿಬರಲು ತಲಾ 17,850ರಂತೆ 71,400, ಪೋರ್ಟ್ ಬ್ಲೇರಿನಿಂದ ಹ್ಯಾವ್ಲಾಕ್ ದ್ವೀಪ, ಹ್ಯಾವ್ಲಾಕ್‌ನಿಂದ ನೀಲ್, ನೀಲ್‌ನಿಂದ ಮರಳಿ, ಹೀಗೆ ಮೂರು ಹಡಗುಗಳಿಗೆ ತಲಾ 4,600ರಂತೆ 18,400, ಆರು ರಾತ್ರಿಗಳ ಕೋಣೆಗೆ 30,000, ಊಟಕ್ಕೆ 14,300, ವಾಹನಗಳಿಗೆ 11,600, ಸ್ನಾರ್ಕಲಿಂಗ್, ಗಾಜಿನ ತಳದ ದೋಣಿ, ಪ್ರವೇಶಶುಲ್ಕ ಇತ್ಯಾದಿಗೆ 9,800. ಒಟ್ಟು 1,55,500 ರೂಪಾಯಿ. ಇದರಲ್ಲಿ ನಾನು ವಿಷಾದಿಸುವ ಖರ್ಚು ಒಂದೇ. ಹ್ಯಾವ್ಲಾಕ್‌ನಲ್ಲಿ ಎರಡನೆಯ ದಿನ ಸ್ಕೂಟರ್ ಪಡೆಯದೆ ಕಾರಿಗೆ 2,800 ಕೊಟ್ಟದ್ದು ವ್ಯರ್ಥವಾಯಿತು.

ಇನ್ನೊಂದು ಮಾತನ್ನು ಯಾವ ಏಜೆಂಟರೂ ನಿಮಗೆ ಹೇಳುವುದಿಲ್ಲ. ಅಂಡಮಾನ್ ಇರುವುದು ಸುಮಾರು 92.7 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಲ್ಲಿನ ಗಡಿಯಾರ ಮಾತ್ರ ನಮ್ಮಂತೆಯೇ 82.5 ಡಿಗ್ರಿಯದು. ಆದ್ದರಿಂದ ಡಿಸೆಂಬರ್ ಕೊನೆಯಲ್ಲಿ ಸಂಜೆ ಐದು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗಿರುತ್ತಾನೆ. ಬೆಂಗಳೂರಿನಂತೆ ಒಂಬತ್ತಕ್ಕೆ ಎದ್ದು ತಿಂಡಿ ತಿಂದು ಹೊರಟರೆ ದಿನದ ಅರ್ಧ ಬೆಳಕು ಹೋಯಿತೆಂದೇ ತಿಳಿಯಿರಿ. ಹ್ಯಾವ್ಲಾಕ್‌ನ ರಾಧಾನಗರದ ಕಡಲತೀರ ಪಡುವಣಕ್ಕಿದೆ, ನಾಲ್ಕು ಗಂಟೆಗೇ ಅಲ್ಲಿರಬೇಕು. ಕಾಲಾಪತ್ಥರ್ ಮೂಡಣಕ್ಕಿದೆ, ಬೆಳಗಿನ ಐದಕ್ಕೇ ಹೊರಡಬೇಕು. ನಾನು ದಿನದಿನದ ವೇಳಾಪಟ್ಟಿಯನ್ನು ಉಬ್ಬರ-ಇಳಿತದ ಸಮಯವನ್ನೂ ಸೇರಿಸಿ ಬರೆದಿದ್ದೆ, ನೀಲ್‌ನ ಲಕ್ಷ್ಮಣಪುರದ ಕಲ್ಲಿನ ಕಮಾನಿಗೆ ಇಳಿತದಲ್ಲಿ ಮಾತ್ರ ನಡೆದು ಹೋಗಬಹುದು ಎಂಬ ಕಾರಣಕ್ಕೆ. ನಾವು ಹೋದಾಗ ಅಲ್ಲಿಯೇ ಒಂದು ಪ್ಯಾಕೇಜ್ ತಂಡ ಉಬ್ಬರದ ಹೊತ್ತಿನಲ್ಲಿ ಬಂದು, ನೀರನ್ನು ನೋಡಿ, ಏಜೆಂಟರನ್ನು ಶಪಿಸುತ್ತಾ ಹಿಂದಿರುಗಿತು.

ದುರ್ಗದಬೈಲು, ಹುಬ್ಬಳ್ಳಿ:

ಆ ಪ್ಯಾಕೇಜ್ ತಂಡದಲ್ಲಿ ನಾನಿರಲಿಲ್ಲವಾದರೂ ಅವರ ಪರವಾಗಿ ಉತ್ತರ ಬರೆಯಬೇಕೆನಿಸುತ್ತಿದೆ. ಅಂಗಡಿ ನಡೆಸುವವನಿಗೆ ನಾಲ್ಕು ತಿಂಗಳು ಕುಳಿತು ಉಬ್ಬರ-ಇಳಿತ ಬರೆಯುವ ಪುರುಸೊತ್ತು ಎಲ್ಲಿಂದ ಬರಬೇಕು? ನಾವು ಆರು ಜನ, ಅತ್ತೆಯವರೂ ಸೇರಿದಂತೆ, ವಿಮಾನದ ಖರ್ಚು ಹೊರತಾಗಿ ತಲಾ 29,500ರಂತೆ 1,77,000 ರೂಪಾಯಿ ಕೊಟ್ಟು ಪ್ಯಾಕೇಜಿನಲ್ಲಿ ಹೋದೆವು. ವಿಮಾನ ನಿಲ್ದಾಣದಲ್ಲಿ ಹೆಸರು ಬರೆದ ಹಲಗೆ ಹಿಡಿದು ಮನುಷ್ಯ ನಿಂತಿದ್ದನು. ಪ್ರತಿ ಜೆಟ್ಟಿಯಲ್ಲಿಯೂ ನಮ್ಮ ಚೀಲಗಳನ್ನು ಹೊತ್ತು ಇಳಿಸಲು ಆಳಿದ್ದರು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಅತ್ತೆಯವರಿಗೆ ಮೂರು ಹೊತ್ತೂ ಬೇರೆಯೇ ಅಡಿಗೆಯಾಗಿ ಬರುತ್ತಿತ್ತು. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರಾದ ಹ್ಯಾವ್ಲಾಕ್‌ನಲ್ಲಿ ಎಲ್ಲಿ ನೋಡಿದರೂ ಮೀನಿನ ವಾಸನೆ ಇರುತ್ತದೆ, ಸ್ವಂತ ಯೋಜನೆಯವರು ಈ ಏರ್ಪಾಟನ್ನು ಮಾಡಿ ತೋರಿಸಲಿ.

ಹಾಗೆಂದು ಮೋಸವಾಗಲಿಲ್ಲವೇ? ಆಯಿತು. ಕಡಲಿಗೆ ಮುಖ ಮಾಡಿದ ಕೋಣೆಗೆಂದು ರಾತ್ರಿಗೆ 1,800ರಂತೆ ಮೂರು ಕೋಣೆಗಳಿಗೆ ಮೂರು ರಾತ್ರಿಗೆ 16,200 ರೂಪಾಯಿ ಹೆಚ್ಚುವರಿ ಪಡೆದರು. ಕಿಟಕಿ ತೆರೆದರೆ ಕಂಡದ್ದು ಕಪ್ಪು ಬಣ್ಣದ ನೀರಿನ ಟ್ಯಾಂಕು, ಅದರ ಆಚೆ ತೆಂಗಿನ ಮರ, ತೆಂಗಿನ ಮರದ ಆಚೆ ಕಡಲು ಇದೆಯೆಂದು ಮ್ಯಾನೇಜರರು ಆಣೆ ಮಾಡಿ ಹೇಳಿದರು. ಬಾರಾತಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆಯ ದಿನವಂತೂ ಮರೆಯಲಾಗದು. ರಾತ್ರಿ ಮೂರೂವರೆಗೆ ಎಬ್ಬಿಸಿ, ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಮೂಲಕ ಹೋಗುವ ಮೊದಲ ವಾಹನ ಸಾಲಿಗೆ ಸೇರಿಸಿ, ಆಮೇಲೆ ಹಡಗು, ಆಮೇಲೆ ಸ್ಪೀಡ್‌ಬೋಟ್, ಆಮೇಲೆ ಒಂದೂವರೆ ಕಿಲೋಮೀಟರಿನಷ್ಟು ಕಾಲುದಾರಿ. ಅತ್ತೆಯವರು ಅರ್ಧದಲ್ಲೇ ಒಂದು ಕಲ್ಲಿನ ಮೇಲೆ ಕುಳಿತು, ಇದಕ್ಕಿಂತ ಯಲ್ಲಮ್ಮನ ಗುಡ್ಡ ಹತ್ತುವುದು ಸುಲಭ ಎಂದರು. ಇಷ್ಟಾದರೂ ಮುಂದಿನ ಸಲ ನಾನು ಪ್ಯಾಕೇಜಿನಲ್ಲಿಯೇ ಹೋಗುತ್ತೇನೆ.

ನಕ್ಷೆಗಾರ್ತಿ, ಬೆಂಗಳೂರು:

ಹುಬ್ಬಳ್ಳಿಯ ರಾಯರೇ, 16,200 ರೂಪಾಯಿ ಕೊಟ್ಟು ಟ್ಯಾಂಕು ನೋಡಿದ ಮೇಲೆಯೂ ಪ್ಯಾಕೇಜನ್ನು ಹೊಗಳುವ ನಿಮ್ಮ ಧಾರಾಳಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬಾರಾತಾಂಗಿನ ವಿಷಯದಲ್ಲಿ ಸುಮ್ಮನಿರಲಾರೆ. ಆ ಕಾಡಿನೊಳಗಿನ ಟ್ರಂಕ್ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲಿಯೇ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ನಾವು ಉದ್ದೇಶಪೂರ್ವಕವಾಗಿಯೇ ಬಾರಾತಾಂಗನ್ನು ಕೈಬಿಟ್ಟೆವು. ಜನರನ್ನು ಕಿಟಕಿಯಿಂದ ಇಣುಕಿ ನೋಡುತ್ತಾ ಹೋಗುವ ಪ್ರವಾಸ ನಮಗೆ ಬೇಡವಾಗಿತ್ತು.

ದುರ್ಗದಬೈಲು, ಹುಬ್ಬಳ್ಳಿ:

ನಾವು ಯಾರನ್ನೂ ಇಣುಕಿ ನೋಡಲಿಲ್ಲ, ಫೋಟೊ ತೆಗೆಯುವುದು ಅಪರಾಧವೆಂದು ಗೊತ್ತಿದ್ದುದರಿಂದ ಫೋನುಗಳನ್ನು ಚೀಲದಲ್ಲಿಟ್ಟಿದ್ದೆವು, ಅತ್ತೆಯವರಂತೂ ನಿದ್ರಿಸುತ್ತಿದ್ದರು. ಅದೇ ರಸ್ತೆಯಲ್ಲಿ ಉತ್ತರ ಅಂಡಮಾನಿನವರ ಬಸ್ಸುಗಳೂ ಓಡುತ್ತವೆ. ತಾವು ಹೋಗದಿದ್ದ ಜಾಗದ ಬಗ್ಗೆ ಹೋಗಿಬಂದವರಿಗೆ ನೀತಿ ಬೋಧಿಸಬಾರದು.

ಶರಾವತಿ ದಂಡೆ, ಹೊನ್ನಾವರ:

ಇಷ್ಟು ಹೊತ್ತಾದರೂ ಗೋಕರ್ಣದ ಹೆಸರೆತ್ತಿದ ಆ ತಾಯಿಯವರ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅಲ್ಲವೇ? ರಾಧಾನಗರದ ಕಡಲತೀರಕ್ಕೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದದ್ದು 2020ರಲ್ಲಿ; ಆ ವರ್ಷದ ಎಂಟು ತೀರಗಳ ಅದೇ ಪಟ್ಟಿಯಲ್ಲಿ ನಮ್ಮ ಹೊನ್ನಾವರದ ಕಾಸರಕೋಡೂ ಉಡುಪಿ ಜಿಲ್ಲೆಯ ಪಡುಬಿದ್ರಿಯೂ ಇದ್ದವು. ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಿದ್ದೇವೆ. ಕಾಸರಕೋಡಿನ ತೀರ ನಮ್ಮಿಂದ ಹತ್ತು ನಿಮಿಷದ ದಾರಿ, ಆದರೂ ಬೆಂಗಳೂರಿನಿಂದ ಬರುವ ಹತ್ತರಲ್ಲಿ ಎಂಟು ಮಂದಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ಓಂ ಬೀಚ್ ಎಷ್ಟು ದೂರ ಎಂದು ಕೇಳಿ, ಅಲ್ಲಿನ ಮೆಟ್ಟಿಲುಗಳನ್ನು ಹತ್ತಿ ಇಳಿದು, ಕಾಲುನೋವೆಂದು ರಾತ್ರಿ ಬಿಸಿನೀರು ಕೇಳುತ್ತಾರೆ. ದಾವಣಗೆರೆಯಿಂದ ಕಾರು ಹತ್ತಿದರೆ ಅಂದೇ ಕಡಲು ಕಾಣುತ್ತದೆ. ಹಡಗು ರದ್ದಾಗುವ ಮಾತಿಲ್ಲ, 43,800ರ ಟಿಕೆಟಿನ ಮಾತಿಲ್ಲ.

ಕಳೆದ ವರ್ಷ ಡಿಸೆಂಬರ್ 30ಕ್ಕೆ ನಮ್ಮಲ್ಲಿ ಎರಡು ಕೋಣೆ ಕಾಯ್ದಿರಿಸಿದ ಒಂದು ಕುಟುಂಬದವರು ಕೊನೆಯ ಗಳಿಗೆಯಲ್ಲಿ ಅಂಡಮಾನಿಗೆ ಹೊರಟೆವೆಂದು ಸಂದೇಶ ಕಳುಹಿಸಿದರು. ಮುಂಗಡವಾಗಿ ಪಡೆದಿದ್ದು 1,000 ರೂಪಾಯಿ, ಅದನ್ನೂ ಮರಳಿಸೆಂದು ಎಂಟು ಸಲ ಕರೆ ಮಾಡಿದರು. ವರ್ಷದ ಕೊನೆಯ ಎರಡು ರಾತ್ರಿ ಕೋಣೆಗಳು ಖಾಲಿ ಉಳಿದವು. ತಂದಿಟ್ಟ ಬಂಗುಡೆಯನ್ನು ನಾವೇ ತಿಂದು ಮುಗಿಸಿದೆವು.

ತುಂಗೆಯ ಮೀನು, ಶಿವಮೊಗ್ಗ:

ಅಕ್ಕನವರೇ, ಕರಾವಳಿಯ ಮೇಲಿನ ನಿಮ್ಮ ಪ್ರೀತಿ ಸರಿ, ಆದರೆ ಈಜು ಬಾರದ ಕುಟುಂಬಕ್ಕೆ ನಮ್ಮ ಪಡುಗಡಲು ಎಷ್ಟು ಕ್ಷೇಮ? 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ನಾನೂ ಒಬ್ಬ ಶಿಕ್ಷಕ. ಆ ಸುದ್ದಿಯನ್ನು ಓದಿದ ಮೇಲೆ ನಮ್ಮ ಶಾಲೆಯ ಕರಾವಳಿ ಪ್ರವಾಸವನ್ನು ನಾನೇ ಮುಂದೆ ನಿಂತು ರದ್ದುಗೊಳಿಸಿದೆ.

ನನ್ನ ಅನುಭವ ಸ್ಕೂಬಾದ್ದು, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಕಡಲೊಳಗೆ ಇಳಿಯುವುದು. 2023ರ ಜನವರಿಯಲ್ಲಿ ಹ್ಯಾವ್ಲಾಕ್‌ನಲ್ಲಿ ಮೂವರಿಗೆ ತಲಾ 4,500ರಂತೆ 13,500 ರೂಪಾಯಿ ಮುಂಗಡ ಕಟ್ಟಿದ್ದೆವು. ಈಜು ಬಾರದವರನ್ನೂ ತರಬೇತುದಾರರು ಹಿಡಿದುಕೊಂಡೇ ಇಳಿಸುತ್ತಾರೆ, ಅದರಲ್ಲಿ ಭಯವಿಲ್ಲ. ನನಗಿದ್ದುದು ನೆಗಡಿ. ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿಯೊಳಗೆ ಮೊಳೆ ಹೊಡೆದಂತಾಯಿತು, ಏಕೆಂದರೆ ಮೂಗು ಕಟ್ಟಿದ್ದರೆ ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸರಿಹೊಂದುವುದಿಲ್ಲ. ಮೇಲೆ ಬಂದೆ. ಹೆಂಡತಿ ನನ್ನನ್ನು ನೋಡಿ ಹೆದರಿ ಇಳಿಯಲೇ ಇಲ್ಲ. ಮಗಳೊಬ್ಬಳೇ ಇಳಿದು ಬಂದು ಇಂದಿಗೂ ಆ ನೀಲಿ ಮೀನುಗಳ ಕಥೆ ಹೇಳುತ್ತಾಳೆ. ಇಳಿಯದಿದ್ದ ಇಬ್ಬರ 9,000 ರೂಪಾಯಿಯಲ್ಲಿ ಒಂದು ಕಾಸೂ ಮರಳಲಿಲ್ಲ, ನೀರಿಗೆ ಕಾಲಿಟ್ಟ ಮೇಲೆ ಇಳಿದಂತೆಯೇ ಲೆಕ್ಕ ಎಂದರು. ಅದರ ಮೇಲೆ, ಡೈವ್ ಮಾಡಿದವರು ಹದಿನೆಂಟು ಗಂಟೆಯಾದರೂ ವಿಮಾನ ಹತ್ತಬಾರದಾದ್ದರಿಂದ ಮಗಳಿಗಾಗಿ ಮರುದಿನದ ವಿಮಾನವನ್ನು ಬದಲಿಸಿ 6,700 ದಂಡ ತೆತ್ತೆವು. ಹವಳವೂ ನಾನು ಎಣಿಸಿದಂತೆ ಇರಲಿಲ್ಲ. 2010ರಲ್ಲಿ ಮತ್ತು 2016ರಲ್ಲಿ ನೀರು ಬಿಸಿಯಾಗಿ ಅಲ್ಲಿನ ಹವಳ ಬಿಳಿಚಿಕೊಂಡ ಮೇಲೆ ಎಷ್ಟೋ ಕಡೆ ಬರಿಯ ಬೂದುಬಣ್ಣದ ಕಡ್ಡಿಗಳಂತೆ ಕಾಣುತ್ತದೆ.

ಶರಾವತಿ ದಂಡೆ, ಹೊನ್ನಾವರ:

ಆ ಮಕ್ಕಳ ಸಾವನ್ನು ನೆನೆದರೆ ನಮಗೂ ಸಂಕಟವಾಗುತ್ತದೆ, ಆದರೆ ಅದನ್ನು ನಮ್ಮ ಕಡಲಿನ ಗುಣವೆಂಬಂತೆ ಬರೆಯಬೇಡಿ. ನಮ್ಮ ಮಾವ ಐವತ್ತು ವರ್ಷ ಮೀನಿಗೆ ಹೋದವರು. ಜೀವರಕ್ಷಕರು ಸೀಟಿ ಊದುತ್ತಿದ್ದರೂ ಎದೆಮಟ್ಟದ ನೀರಿಗೆ ಇಳಿಯುವ ಪ್ರವಾಸಿಗರನ್ನು ಅವರು ದಿನವೂ ನೋಡುತ್ತಾರೆ. ಅಂಡಮಾನಿನ ಕಡಲು ತೊಟ್ಟಿಲೇನಲ್ಲ. ಅದೇ ಹ್ಯಾವ್ಲಾಕ್‌ನಲ್ಲಿ 2010ರಲ್ಲಿ ಸ್ನಾರ್ಕಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರನ್ನು ಮೊಸಳೆ ಎಳೆದೊಯ್ದಿತ್ತು. ನಮ್ಮಲ್ಲಿ ಕಡಲಿಗೆ ಮೊಸಳೆ ಬರುವುದಿಲ್ಲ. ಸ್ಕೂಬಾ ಬೇಕಿದ್ದರೆ ಮುರುಡೇಶ್ವರದಿಂದ ನೇತ್ರಾಣಿಗೆ ದೋಣಿ ಹೋಗುತ್ತದೆ, ನೆಗಡಿಯಾದರೆ ಶಿವಮೊಗ್ಗಕ್ಕೆ ಮರಳಿ ಮುಂದಿನ ವಾರ ಬರಬಹುದು.

ಹವಳದಿಬ್ಬ, ಮಂಗಳೂರು:

ಲಕ್ಷದ್ವೀಪವನ್ನು ಕೇಳಿದವರಿಗೆ ಇದುವರೆಗೂ ಯಾರೂ ಉತ್ತರಿಸಿಲ್ಲ. ನಾವು ಹೋದವರು. ಅಲ್ಲಿನ ಕಡಲು ಅಂಡಮಾನಿಗಿಂತ ಶಾಂತ, ಏಕೆಂದರೆ ದ್ವೀಪದ ಸುತ್ತಲಿನ ಹವಳದ ದಿಬ್ಬ ಅಲೆಗಳನ್ನು ಹೊರಗೇ ತಡೆದು ಒಳಗಿನ ನೀರನ್ನು ಕೆರೆಯಂತೆ ಇರಿಸುತ್ತದೆ. ನನ್ನ ಮಗ ಸೊಂಟದಮಟ್ಟದ ನೀರಿನಲ್ಲಿ ನಿಂತು ತನ್ನ ಕಾಲುಗುರುಗಳನ್ನು ಎಣಿಸಿದನು. ಆದರೆ ಆ ನೀರನ್ನು ಮುಟ್ಟುವ ಮೊದಲು ಅನುಮತಿ ಪತ್ರವೆಂಬ ಒಂದು ಕಡಲನ್ನು ದಾಟಬೇಕು. ನಮಗೆ ಪೊಲೀಸ್ ಪರಿಶೀಲನೆಯೂ ಸೇರಿ 34 ದಿನ ಬೇಕಾಯಿತು. ಫೋಟೊದ ಹಿನ್ನೆಲೆ ಬಿಳಿಯಿಲ್ಲವೆಂದು ನನ್ನ ಪತ್ನಿಯ ಅರ್ಜಿಯೊಂದೇ ಹಿಂದಿರುಗಿತು. ಕೊಚ್ಚಿಯ ಹಡಗಿನಲ್ಲಿ ಹೋದ ನಮ್ಮ ಪ್ರಯಾಣ ಹದಿನಾರು ಗಂಟೆಯದ್ದಾಗಿತ್ತು, ಅದರಲ್ಲಿ ಒಂಬತ್ತು ಗಂಟೆ ನಾನು ಬಕೆಟ್ಟಿನ ಮುಂದೆ ಕುಳಿತಿದ್ದೆ. ಹಡಗು ದಡಕ್ಕೆ ಬರಲಾರದೆ ಹೊರಗೇ ಲಂಗರು ಹಾಕಿತು; ಏಳುತ್ತಾ ಬೀಳುತ್ತಾ ಇರುವ ಸಣ್ಣ ದೋಣಿಗೆ, ಕೆಳಗಿನವರು ಕೈ ಹಿಡಿದಾಗ, ಅಲೆ ಮೇಲೆದ್ದ ಕ್ಷಣ ನೋಡಿ ಕಾಲಿಡಬೇಕು. ಮಂಡಿನೋವಿನವರಿಗೆ ಅದು ಆಗದ ಮಾತು. ವಿಮಾನದಲ್ಲಿ ಅಲ್ಲಿನ ಅಗತ್ತಿ ದ್ವೀಪಕ್ಕೆ ಹೋಗಬಹುದು, ಆದರೆ ವಿಮಾನ ಚಿಕ್ಕದು, ಡಿಸೆಂಬರಿನಲ್ಲಿ ಐದು ಸೀಟು ಒಟ್ಟಿಗೆ ಸಿಕ್ಕರೆ ನನಗೆ ತಿಳಿಸಿ.

ಜಮಾ-ಖರ್ಚು, ಮೈಸೂರು:

ನಕ್ಷೆಗಾರ್ತಿಯವರು ಯೋಜನೆಯ ತಪ್ಪು ಎಂದು ಬರೆದದ್ದನ್ನು ಈಗ ಎರಡನೆಯ ಸಲ ಓದಿದೆ. ಒಂದು ರಾತ್ರಿ ಮೊದಲೇ ಪೋರ್ಟ್ ಬ್ಲೇರಿಗೆ ಬಂದಿದ್ದರೆ ಸಾಕಾಗುತ್ತಿತ್ತು ಎನ್ನುವುದು ಅವರ ವಾದ. ನಮ್ಮ ಹಡಗು ನಿಂತದ್ದು ಎರಡು ದಿನ. 2016ರ ಡಿಸೆಂಬರಿನಲ್ಲಿ ಹ್ಯಾವ್ಲಾಕ್ ಮತ್ತು ನೀಲ್‌ನಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ನೌಕಾಪಡೆಯೇ ಬಂದು ಕರೆತರಬೇಕಾಯಿತು, ಅವರೆಲ್ಲರದ್ದೂ ಯೋಜನೆಯ ತಪ್ಪೇ? ಫೆಬ್ರವರಿಯ ತಿಳಿನೀರಿನಲ್ಲಿ ಹೋಗಿಬಂದವರು ಡಿಸೆಂಬರಿನವರಿಗೆ ಬುದ್ಧಿ ಹೇಳುವುದು ಸುಲಭ. ಇನ್ನೊಂದು ಮಾತು: ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ, ಹ್ಯಾವ್ಲಾಕ್ ಮತ್ತು ನೀಲ್ 2018ರಿಂದಲೇ ಸ್ವರಾಜ್ ದ್ವೀಪ ಮತ್ತು ಶಹೀದ್ ದ್ವೀಪ. ನಾನೂ ಹಳೆಯ ಹೆಸರನ್ನೇ ಬಳಸಿದ್ದೇನೆ, ಆದರೆ ಟಿಕೆಟು ಕೊಳ್ಳುವಾಗ ಎರಡೂ ಹೆಸರು ತಿಳಿದಿರಲಿ.

ನಕ್ಷೆಗಾರ್ತಿ, ಬೆಂಗಳೂರು:

ಹಿರಿಯರೇ, ಕ್ಷಮಿಸಿ, ಎರಡು ದಿನವೆಂಬುದು ನನಗೆ ಹೊಳೆಯಲಿಲ್ಲ. ಡಿಸೆಂಬರಿನಲ್ಲಿ ಹೋಗುವವರು ಎರಡು ರಾತ್ರಿ ಮೊದಲೇ ಮರಳಲಿ ಎಂದು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಆದರೆ ಸ್ಕೂಟರಿನ ವಿಷಯದಲ್ಲಿ ತಿದ್ದಿಕೊಳ್ಳುವುದಿಲ್ಲ.

ದುರ್ಗದಬೈಲು, ಹುಬ್ಬಳ್ಳಿ:

69ರ ಹಿರಿಯರನ್ನು ಸ್ಕೂಟರಿನ ಮೇಲೆ ಕೂರಿಸುವವರಿಗೆ ನಮಸ್ಕಾರ.

ಬೆಣ್ಣೆದೋಸೆ, ದಾವಣಗೆರೆ:

ಎಲ್ಲರಿಗೂ ಧನ್ಯವಾದಗಳು. ಈ ನಡುವೆ ಭಾವಮೈದುನ ನಮ್ಮನ್ನು ಕೇಳದೆ ಐವರಿಗೂ ಬೆಂಗಳೂರಿನಿಂದ ವಿಮಾನದ ಟಿಕೆಟು ಕೊಂಡುಬಿಟ್ಟಿದ್ದಾನೆ, ತಲಾ 23,900ರಂತೆ 1,19,500 ರೂಪಾಯಿ, ಮರಳಿ ಪಡೆಯುವಂತಿಲ್ಲ. ಇನ್ನುಳಿದ 60,500ರಲ್ಲಿ ಎಲ್ಲವೂ ಆಗಬೇಕಾಗಿದೆ. ತಾಯಿಯವರನ್ನು ಹಡಗಿಗೆ ಹತ್ತಿಸುವುದು ಹೇಗೆಂದು ಇನ್ನೂ ತಿಳಿಯಲಿಲ್ಲ.

ತುಂಗೆಯ ಮೀನು, ಶಿವಮೊಗ್ಗ:

ಇಷ್ಟು ಹಣದಲ್ಲಿ ಮೂರು ಹಡಗುಗಳ ಆಸೆ ಬಿಡಿ. ಪೋರ್ಟ್ ಬ್ಲೇರಿನಲ್ಲಿಯೇ ಹೆಚ್ಚು ದಿನವಿದ್ದು, ಸೆಲ್ಯುಲರ್ ಜೈಲನ್ನು ನಿಧಾನವಾಗಿ ನೋಡಿ, ಸಣ್ಣ ದೋಣಿಯಲ್ಲಿ ಎದುರಿನ ರಾಸ್ ದ್ವೀಪಕ್ಕೆ ಹೋಗಿಬಂದು, ಹ್ಯಾವ್ಲಾಕ್‌ಗೆ ಮಾತ್ರ ಎರಡು ರಾತ್ರಿಗೆ ಹೋಗಿ ಮರಳಿ. ರಾಸ್‌ನಲ್ಲಿ ಬ್ಯಾಟರಿ ವಾಹನವಿದೆ, ತಾಯಿಯವರು ಜಿಂಕೆಗಳನ್ನು ಕುಳಿತೇ ನೋಡಬಹುದು.

ಜಮಾ-ಖರ್ಚು, ಮೈಸೂರು:

ಹಡಗು ಹತ್ತುವ ವಿಷಯಕ್ಕೆ ನನ್ನ ಪತ್ನಿಯ ಉದಾಹರಣೆ ಇದೆ, ಅವರಿಗೂ ಮಂಡಿನೋವು. ಜೆಟ್ಟಿಯಿಂದ ಹಡಗಿಗೆ ಅಡ್ಡಹಲಗೆ ಹಾಸುತ್ತಾರೆ; ನೀರು ಇಳಿದಿದ್ದರೆ ಹಲಗೆಯ ಇಳಿಜಾರು ಕಡಿದಾಗುತ್ತದೆ, ಏರಿದ್ದರೆ ಸಮವಾಗಿರುತ್ತದೆ. ಖಾಸಗಿ ಹಡಗಿನವರಿಗೆ ಮೊದಲೇ ತಿಳಿಸಿದರೆ ಗಾಲಿಕುರ್ಚಿ ತಂದು ಇಬ್ಬರು ಹಿಡಿದು ಹತ್ತಿಸುತ್ತಾರೆ, ನಮಗೆ ಹ್ಯಾವ್ಲಾಕ್‌ಗೆ ಹೋಗುವಾಗ ಹಾಗೆಯೇ ಮಾಡಿದರು. ಕೆಳಗಿನ ಅಂತಸ್ತಿನಲ್ಲಿ, ನಡುವಿನ ಸೀಟು ಕೇಳಿ ಪಡೆಯಿರಿ, ಅಲ್ಲಿ ತೂಗಾಟ ಕಡಿಮೆ. ಗಾಲಿಕುರ್ಚಿಗೆ ಹಣ ಕೇಳುವುದಿಲ್ಲ, ಆದರೆ ಹಿಡಿದವರಿಗೆ ನಾನು 200 ರೂಪಾಯಿ ಕೊಟ್ಟೆ. ಅದಕ್ಕೂ ರಸೀದಿ ಎಲ್ಲಿ ಎಂದು ನಮ್ಮ ಕಚೇರಿಯವರು ಕೇಳಿದ್ದರು.